ಭಾನುವಾರದ ಮಣ್ಣಿನ ದಾರಿ ಓಟಕ್ಕೆ ಹೊಸದಾಗಿ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 5:45ಕ್ಕೆ ಬೀದರ್‌ನ ಅಷ್ಟೂರು ಗುಂಬಜ್‌ಗಳ ಹತ್ತಿರ ಸೇರೋಣ. ಅಲ್ಲಿಂದ ಹೊಲದ ದಾರಿ ಹಿಡಿದು 4 ಕಿ.ಮೀ. ಅಷ್ಟೇ.

ಮೊದಲ ಸಲ ಬರುವವರು ವೇಗದ ಚಿಂತೆ ಬಿಡಿ. ಡಾಂಬರು ರಸ್ತೆಯ ವೇಗ ಮಣ್ಣಿನ ದಾರಿಯಲ್ಲಿ ಬರಲ್ಲ, ಬರಬೇಕಾಗಿಯೂ ಇಲ್ಲ, ಹಾಗಾಗಿ ವಾಚ್ ನೋಡಬೇಡಿ, ಉಸಿರಿನ ಕಡೆ ಗಮನ ಇಡಿ. ಪಕ್ಕದವರ ಜೊತೆ ಮಾತಾಡುತ್ತಾ ಓಡೋಕೆ ಆಗಬೇಕು. ಆಗದಿದ್ದರೆ ನಡೆಯಿರಿ. ಏರು ಬಂದಾಗ ಅನುಭವ ಇರುವವರೂ ನಡೆಯುತ್ತಾರೆ, ಅದರಲ್ಲಿ ನಾಚಿಕೆ ಏನೂ ಇಲ್ಲ.

ನಮ್ಮ ಕೆಂಪು ನೆಲದ ಬಗ್ಗೆ ಒಂದು ಮಾತು. ಮೇಲೆಲ್ಲಾ ಬಟಾಣಿ ಕಾಳಿನಷ್ಟು ಉರುಟು ಹರಳುಗಳು. ಇಳಿಜಾರಿನಲ್ಲಿ ಉದ್ದ ಹೆಜ್ಜೆ ಹಾಕಿದರೆ ಗೋಲಿ ಮೇಲೆ ಕಾಲಿಟ್ಟ ಹಾಗೆ ಸರ್ರನೆ ಜಾರುತ್ತದೆ. ಸಣ್ಣ ಹೆಜ್ಜೆ ಹಾಕಿ, ಮೊಣಕಾಲು ಸ್ವಲ್ಪ ಬಾಗಿರಲಿ, ಕಣ್ಣು ಮೂರ್ನಾಲ್ಕು ಹೆಜ್ಜೆ ಮುಂದಿರಲಿ. ಹೋದ ವರ್ಷ ನಾನು ಓಡುತ್ತಲೇ ಫೋನ್ ತೆಗೆಯೋಕೆ ಹೋಗಿ ಪಾದ ಉಳುಕಿ ಮೂರು ವಾರ ಮನೆಯಲ್ಲೇ ಕೂತಿದ್ದೆ. ಫೋಟೋ ಬೇಕಿದ್ದರೆ ನಿಂತು ತೆಗೆಯಿರಿ.

ಹೊಸ ಶೂ ಕೊಳ್ಳಬೇಡಿ, ಅಡಿ ಸವೆಯದ ಮಾಮೂಲಿ ಶೂ ಸಾಕು. ಅರ್ಧ ಲೀಟರ್ ನೀರು ತನ್ನಿ. ಹಿಂದಿನ ರಾತ್ರಿ ಮಳೆ ಬಂದರೆ ಎರೆಹೊಲದ ಕಡೆ ಹೋಗಲ್ಲ, ಶೂಗೆ ಮೆತ್ತಿದ ಆ ಮಣ್ಣು ಬಿಡೋದೇ ಇಲ್ಲ ಅಲ್ವಾ. ತೊಗರಿ ಬೆಳೆ ತುಳಿಯಬೇಡಿ, ಬದುವಿನ ಮೇಲೇ ಹೋಗಿ. ನಾಯಿ ಬಂದರೆ ಓಟ ನಿಲ್ಲಿಸಿ ಸುಮ್ನೆ ನಡೆಯಿರಿ.

ಕೊನೆಯವರ ಜೊತೆ ನಾನಿರುತ್ತೇನೆ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.