ಗವರ್ನೆಸ್ ಪಾತ್ರ ತಿದ್ದುವ ಮುನ್ನ

ಚಿ. ಮೇಧಾಳಿಗೆ ಆಶೀರ್ವಾದಗಳು.

ನಾಟಕ ಓದಿದೆ. ಸಂಭಾಷಣೆ ಚುರುಕಾಗಿದೆ. ಆದರೆ 1840ರ ದಶಕದ ಲಂಡನ್ನಿನಲ್ಲಿ ನಿನ್ನ ಗವರ್ನೆಸ್ ಪಾತ್ರ ಮಿಸ್ ಹಾರ್ಟ್ ಬೆಳಿಗ್ಗೆ ಫ್ರೆಂಚ್ ಪಾಠ ಹೇಳಿ, ರಾತ್ರಿ ಅದೇ ಹುಡುಗಿಯನ್ನು ನೃತ್ಯಕೂಟಕ್ಕೆ ಕರೆದೊಯ್ಯುತ್ತಾಳಲ್ಲ, ಅದು ಒಪ್ಪುವುದಿಲ್ಲ. ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಬೇರೆ, ಹುಡುಗಿಯ ಕಾವಲಿಗೆ ಜೊತೆ ಹೋಗುವ ಶಾಪರೋನ್ ಬೇರೆ. ವಾಯುವಿಹಾರಕ್ಕೆ ಗವರ್ನೆಸ್ ಜೊತೆಗಿದ್ದರೆ ಸಾಕು. ನೃತ್ಯಕೂಟಕ್ಕೆ ತಾಯಿ ಬರಬೇಕು, ಇಲ್ಲವೇ ಮದುವೆಯಾದ ಬಂಧು. ವಯಸ್ಸಿಗಿಂತ ಮದುವೆಗೇ ಅಲ್ಲಿ ಬೆಲೆ. ಮದುವೆಯಾದ ತಂಗಿ ಮದುವೆಯಾಗದ ಅಕ್ಕನಿಗೆ ಕಾವಲಾಗಬಹುದಿತ್ತು.

ನೃತ್ಯದ ದೃಶ್ಯದಲ್ಲಿ ಶಾಪರೋನ್‌ಗಳನ್ನು ಗೋಡೆಯುದ್ದಕ್ಕೂ ಕುರ್ಚಿಗಳಲ್ಲಿ ಕೂರಿಸು. ಗುರುತಿಲ್ಲದ ಯುವಕ ನೇರವಾಗಿ ಬಂದು ಕರೆಯುವಂತಿಲ್ಲ, ಯಾರಾದರೂ ಪರಿಚಯಿಸಬೇಕು. ನೃತ್ಯ ಮುಗಿದೊಡನೆ ಹುಡುಗಿಯನ್ನು ಶಾಪರೋನ್ ಬಳಿಗೇ ತಂದು ಬಿಡಬೇಕು. ನಿನ್ನ ನಾಯಕ ಒಬ್ಬಳೊಂದಿಗೇ ಐದು ಸಲ ಕುಣಿಯುತ್ತಾನೆ. ಮೂರು ಸಲಕ್ಕೇ ಜನ ಮಾತಾಡಿಕೊಳ್ಳುತ್ತಿದ್ದರು. ಎರಡಕ್ಕೆ ಇಳಿಸು. ಮೂರನೆಯದನ್ನು ಅತ್ತೆಯೊಬ್ಬಳು ಬೀಸಣಿಗೆಯ ಮರೆಯಿಂದ ಬರಿ ಕಣ್ಣಲ್ಲೇ ತಡೆಯಲಿ.

ಗವರ್ನೆಸ್ ವಿಚಾರದಲ್ಲಿ ಮೊದಲು ಸಂಬಳ ನೋಡು. ನೀನು ಅವಳಿಗೆ ವರ್ಷಕ್ಕೆ 100 ಪೌಂಡ್ ಕೊಡಿಸಿದ್ದೀಯ. ಮುಂದೆ ಕಾದಂಬರಿಗಾರ್ತಿಯಾದ ಶಾರ್ಲೆಟ್ ಬ್ರಾಂಟಿಗೆ 1841ರಲ್ಲಿ ಗವರ್ನೆಸ್ ಆಗಿದ್ದಾಗ ನಿಗದಿಯಾಗಿದ್ದದ್ದು 20 ಪೌಂಡ್. ಬಟ್ಟೆ ಒಗೆಸುವ ಖರ್ಚು ಕಳೆದರೆ ಕೈಗೆ 16. ಪಾದ್ರಿಯ ಮಗಳು, ಓದಿದವಳು, ಆದರೂ ಪಾಠದ ಜೊತೆ ರಾಶಿ ಹೊಲಿಗೆ. ಮಿಸ್ ಹಾರ್ಟ್‌ಳ ಊಟವೂ ಮಕ್ಕಳ ಪಾಠದ ಕೋಣೆಯಲ್ಲೇ ಆಗಲಿ. ಮನೆಯವರಿಗೆ ಅವಳು ಸಂಬಳದವಳು, ಆಳುಗಳಿಗೆ ದೊಡ್ಡಸ್ತಿಕೆಯವಳು. ತಟ್ಟೆ ಹೊತ್ತು ಮೆಟ್ಟಿಲು ಹತ್ತುವ ಕೆಲಸದ ಹುಡುಗಿಯ ಮುಖದಲ್ಲಿ ಆ ಸಿಡಿಮಿಡಿ ಕಾಣಲಿ.

ಮಿಸ್ ಹಾರ್ಟ್‌ಳನ್ನು ದುಷ್ಟೆಯಾಗಿ ಚಿತ್ರಿಸಿದ್ದು ನನಗೆ ನೋವು ತಂದಿತು. ಅವಳ ಬಿಗುವಿಗೆ ಕಾರಣ ಭಯ. ಕೊನೆಯ ಹುಡುಗಿ ದೊಡ್ಡವಳಾದರೆ ಕೆಲಸ ಹೋಯಿತು, ಪಿಂಚಣಿ ಇಲ್ಲ, ವಯಸ್ಸಾದವಳನ್ನು ಇನ್ನೊಂದು ಮನೆ ಸೇರಿಸದು. ಮುಪ್ಪಿನಲ್ಲಿ ಗತಿಯಿಲ್ಲದ ಗವರ್ನೆಸ್‌ಗಳಿಗೆ ನೆರವಾಗಲೆಂದೇ 1843ರಲ್ಲಿ ಲಂಡನ್ನಿನಲ್ಲಿ ಒಂದು ಸಂಸ್ಥೆ ಹುಟ್ಟಿತು; ಅವರಿಗೆ ಸರಿಯಾದ ಶಿಕ್ಷಣ ಸಿಗಲೆಂದು 1848ರಲ್ಲಿ ಹಾರ್ಲಿ ಸ್ಟ್ರೀಟಿನಲ್ಲಿ ಕ್ವೀನ್ಸ್ ಕಾಲೇಜು ತೆರೆಯಿತು. ವಿಕ್ಟೋರಿಯಾ ರಾಣಿಯ ಗವರ್ನೆಸ್ ಲೇಜೆನ್ 1842ರಲ್ಲಿ ಪಿಂಚಣಿ ಪಡೆದು ಜರ್ಮನಿಗೆ ಮರಳಿದಳು, ನಿಜ. ಅಂಥ ಅದೃಷ್ಟ ಎಷ್ಟು ಮಂದಿಗೆ?

ಎರಡನೇ ಅಂಕದಲ್ಲಿ ಮಿಸ್ ಹಾರ್ಟ್ ಯಜಮಾನಿಯ ಮುಖಕ್ಕೆ ಹೊಡೆದಂತೆ ಮಾತಾಡಿ ಹೊರಡುತ್ತಾಳೆ. ಹಿಂದಿನ ಯಜಮಾನಿಯ ಶಿಫಾರಸು ಪತ್ರವಿಲ್ಲದೆ ಮುಂದಿನ ಬಾಗಿಲು ತೆರೆಯುತ್ತಿರಲಿಲ್ಲ. ಆ ಪತ್ರ ಮೊದಲು ಅವಳ ಕೈಚೀಲ ಸೇರಲಿ, ಆಮೇಲೆ ಏನು ಬೇಕಾದರೂ ಆಡಿಸು.

ನಿನ್ನ ಸೋದರತ್ತೆ