ಇಟರೇಟರ್‌ನಿಂದ ಸ್ಟ್ರೀಮ್: ಎಲ್ಲವನ್ನೂ ಮೆಮೊರಿಗೆ ಸುರಿಯಬೇಕಿಲ್ಲ

ಸಂಪಾದಕರಿಗೆ,

ನಿಮ್ಮ ತಂತ್ರಜ್ಞಾನ ಪುಟದ ಪೈಥಾನ್ ಲೇಖನ ಓದಿದೆ. ಜನರೇಟರ್‌ನಿಂದ (ಡೇಟಾವನ್ನು ಕೇಳಿದಾಗಲೆಲ್ಲ ಒಂದೊಂದು ತುಣುಕಾಗಿ ಕೊಡುವ ಫಂಕ್ಷನ್) ಬರುವ ಡೇಟಾವನ್ನು, ಫೈಲೇ ಬೇಕೆನ್ನುವ ಲೈಬ್ರರಿಗೆ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ತುಣುಕುಗಳನ್ನೆಲ್ಲ ಜೋಡಿಸಿ, ಮೆಮೊರಿಯಲ್ಲೇ ಇರುವ ಫೈಲಿನಂಥ ಬೈಟ್ಸ್‌ಐಓಗೆ ಹಾಕಿಬಿಡಿ ಎಂದು ಲೇಖಕರು ಉತ್ತರಿಸಿದ್ದಾರೆ. ಡೇಟಾ ಕೆಲವೇ ಎಂಬಿ ಇದ್ದರೆ ಅದು ಸರಿಯೇ, ಅಷ್ಟಕ್ಕೆ ಬೇರೆ ಕಸರತ್ತು ಬೇಡ. 5 ಜಿಬಿ ಲಾಗ್ ಬಂದರೆ ಮಾತ್ರ ಜೋಡಿಸಿದ ಪ್ರತಿಗೇ 5 ಜಿಬಿ ಮೆಮೊರಿ ಹೋಗುತ್ತದೆ. ಜೋಡಿಸಿ ಮುಗಿಯುವವರೆಗೆ ಬಿಡಿ ತುಣುಕುಗಳೂ ಮೆಮೊರಿಯಲ್ಲೇ ಕೂತಿರುವುದರಿಂದ ಆ ಹೊತ್ತಿಗೆ ಬೇಕಾಗುವುದು ಅದರ ಇಮ್ಮಡಿ. ಜನರೇಟರ್ ಬಳಸಿದ್ದೇ ಇದನ್ನು ತಪ್ಪಿಸಲು ಅಲ್ಲವೇ?

ಇಟರೇಟರ್ (ಒಂದಾದ ಮೇಲೊಂದು ತುಣುಕು ಕೊಡುವ ಆಬ್ಜೆಕ್ಟ್, ಜನರೇಟರ್ ಅದರದೇ ಒಂದು ಬಗೆ) ಆಗಲಿ ಸ್ಟ್ರೀಮ್ (ಫೈಲಿನಂತೆ ಓದಬಹುದಾದ ಡೇಟಾದ ಹರಿವು) ಆಗಲಿ, ಎರಡೂ ಕೇಳಿದಾಗ ಮಾತ್ರ ಕೊಡುವಂಥವು. ಎಷ್ಟು ಕೊಡಬೇಕು ಎಂದು ತೀರ್ಮಾನಿಸುವವರು ಬೇರೆ ಬೇರೆ, ಅಷ್ಟೆ. ಇಟರೇಟರ್ ತನ್ನಲ್ಲಿದ್ದಷ್ಟು ಕೊಡುತ್ತದೆ: ಒಮ್ಮೆ 3 ಬೈಟ್, ಇನ್ನೊಮ್ಮೆ 10 ಎಂಬಿ, ಮತ್ತೊಮ್ಮೆ ಖಾಲಿ. ಸ್ಟ್ರೀಮ್‌ನಲ್ಲಿ ಅಳತೆ ಹೇಳುವವನು ಓದುವವನು. ಡೇಟಾ ಮುಗಿದದ್ದನ್ನು ತಿಳಿಸುವ ರೀತಿಯೂ ಬೇರೆ. ಇಟರೇಟರ್ ಸ್ಟಾಪ್‌ಇಟರೇಷನ್ ಎಂಬ ಎಕ್ಸೆಪ್ಷನ್ (ಕೋಡಿನ ಮಾಮೂಲಿ ಓಟ ತಡೆಯುವ ಸೂಚನೆ) ಎಬ್ಬಿಸುತ್ತದೆ, ಸ್ಟ್ರೀಮ್ ಖಾಲಿ ಬೈಟ್ಸ್ ಕೊಡುತ್ತದೆ. ಪರಿವರ್ತನೆ ಕೆಡುವುದು ಬಹುಪಾಲು ಈ ಎರಡು ಜಾಗಗಳಲ್ಲೇ.

ಸ್ಟ್ರೀಮನ್ನು ಇಟರೇಟರ್ ಮಾಡುವುದು ಸುಲಭ. ಪೈಥಾನ್‌ನ ಫೈಲ್ ಆಬ್ಜೆಕ್ಟ್ ಮೊದಲೇ ಇಟರೇಟರ್, ಫಾರ್ ಲೂಪಿಗೆ ಕೊಟ್ಟರೆ ಸಾಲು ಸಾಲಾಗಿ ಬರುತ್ತದೆ. ಬೈನರಿ ಫೈಲನ್ನು ಹಾಗೆ ಓದಬೇಡಿ. ಹೊಸಸಾಲಿನ ಬೈಟ್ ಎಲ್ಲೂ ಇಲ್ಲದಿದ್ದರೆ ಇಡೀ ಫೈಲ್ ಒಂದೇ 'ಸಾಲು' ಆಗಿ ಮೆಮೊರಿಗೆ ಬಂದುಬಿಡುತ್ತದೆ. ಬದಲಿಗೆ ಇಟರ್ ಫಂಕ್ಷನ್ನಿಗೆ ಎರಡು ಆರ್ಗ್ಯುಮೆಂಟ್ ಕೊಡಿ: ಪ್ರತಿ ಸಲ 65536 ಬೈಟ್ ಓದುವ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಒಂದು, ನಿಲ್ಲಿಸುವ ಗುರುತಾಗಿ ಖಾಲಿ ಬೈಟ್ಸ್ ಇನ್ನೊಂದು. ಟೆಕ್ಸ್ಟ್ ಮೋಡ್‌ನಲ್ಲಿ ತೆರೆದ ಫೈಲಿಗೆ ನಿಲ್ಲಿಸುವ ಗುರುತು ಖಾಲಿ ಸ್ಟ್ರಿಂಗ್ ಆಗಿರಬೇಕು. ಅಲ್ಲಿ ಖಾಲಿ ಬೈಟ್ಸ್ ಕೊಟ್ಟರೆ ಹೋಲಿಕೆ ಎಂದೂ ಸರಿಬೀಳದೆ ಲೂಪ್ ಕೊನೆಯಿಲ್ಲದೆ ಸುತ್ತುತ್ತದೆ.

ಕಷ್ಟವಿರುವುದು ಎದುರು ದಿಕ್ಕಿನಲ್ಲಿ. ಹೆಚ್ಚಿನವರು ರೀಡ್ ಎಂಬ ಒಂದೇ ಮೆಥಡ್ ಇರುವ ಸಣ್ಣ ಕ್ಲಾಸ್ ಬರೆದು, ಕೇಳಿದ ಅಳತೆಯನ್ನು ಲೆಕ್ಕಿಸದೆ ಮುಂದಿನ ತುಣುಕನ್ನು ಹಾಗೇ ಹಿಂದಿರುಗಿಸುತ್ತಾರೆ. 4 ಬೈಟಿನ ಹೆಡರ್ ಕೇಳಿದ ಲೈಬ್ರರಿಯ ಕೈಗೆ 8000 ಬೈಟ್ ಬಂದರೆ ಅದು ಏನು ಮಾಡುತ್ತದೆಂದು ಹೇಳಲಾಗದು. ಅಳತೆ ಪಾಲಿಸಿದರೂ ಒಂದು ಸಾಲು ಓದುವ ರೀಡ್‌ಲೈನ್ ಎಲ್ಲಿ, ಮುಚ್ಚಿದೆಯೇ ಎಂದು ಹೇಳುವ ಕ್ಲೋಸ್ಡ್ ಎಲ್ಲಿ ಎಂದು ಲೈಬ್ರರಿಯಿಂದ ಒಂದೊಂದಾಗಿ ಕೇಳಿಕೆ ಶುರುವಾಗುತ್ತದೆ. ಅವನ್ನೆಲ್ಲ ಕೈಯಾರೆ ಬರೆಯಬೇಕಿಲ್ಲ. ಐಓ ಮಾಡ್ಯೂಲಿನ ರಾಐಓಬೇಸ್ ಎಂಬ ಮೂಲ ಕ್ಲಾಸಿನಿಂದ ನಿಮ್ಮ ಕ್ಲಾಸ್ ಮಾಡಿಕೊಂಡು ಎರಡೇ ಮೆಥಡ್ ಬರೆದರೆ ಸಾಕು. ಒಂದು ರೀಡಬಲ್, ಅದು ಟ್ರೂ ಎನ್ನಬೇಕು. ಇದನ್ನು ಮರೆತರೆ ಸ್ಟ್ರೀಮ್ ಓದಲು ಬರುವುದಿಲ್ಲ ಎಂಬ ಅನ್‌ಸಪೋರ್ಟೆಡ್‌ಆಪರೇಷನ್ ಎರರ್ ಬರುತ್ತದೆ. ಇನ್ನೊಂದು ರೀಡ್‌ಇಂಟು.

ರೀಡ್‌ಇಂಟುವಿಗೆ ಒಂದು ಬಫರ್ (ಬೈಟ್ ತುಂಬಲು ಕಾದಿಟ್ಟ ಮೆಮೊರಿಯ ಜಾಗ) ಬರುತ್ತದೆ, ಅದನ್ನು ತುಂಬಿ ಎಷ್ಟು ಬೈಟ್ ತುಂಬಿದೆವೆಂದು ಹೇಳುವುದೇ ಅದರ ಕೆಲಸ. ಹಿಂದಿನ ಸಲದ ಮಿಗತೆ ಇದ್ದರೆ ಮೊದಲು ಅದನ್ನು ಬಳಸಿ, ಇಲ್ಲದಿದ್ದರೆ ಇಟರೇಟರ್‌ನಿಂದ ಮುಂದಿನ ತುಣುಕು ತೆಗೆಯಿರಿ. ಬಫರಿನ ಉದ್ದ, ತುಣುಕಿನ ಉದ್ದ ಇವೆರಡರಲ್ಲಿ ಕಡಿಮೆ ಇರುವಷ್ಟನ್ನು ನಕಲು ಮಾಡಿ, ಉಳಿದದ್ದನ್ನು ಇಟ್ಟುಕೊಂಡು, ನಕಲಾದ ಸಂಖ್ಯೆ ಹಿಂದಿರುಗಿಸಿ. ಇಟರೇಟರ್ ಮುಗಿದಿದ್ದರೆ ಮಾತ್ರ 0. ಈ ಆಬ್ಜೆಕ್ಟನ್ನು, ಅಂದರೆ ಇಟರೇಟರನ್ನು ಸ್ಟ್ರೀಮಿಗೆ ಹೊಂದಿಸುವ ಅಡಾಪ್ಟರನ್ನು, ಬಫರ್ಡ್‌ರೀಡರ್ ಒಳಗಿಟ್ಟರೆ ರೀಡ್, ರೀಡ್‌ಲೈನ್, ಪೀಕ್ ಎಲ್ಲ ತಾವಾಗಿಯೇ ಸಿಗುತ್ತವೆ.

ಆ 0 ವಿಷಯದಲ್ಲಿ ಎಚ್ಚರ. ನಡುವೆ ಬರುವ ಖಾಲಿ ತುಣುಕಿನ ಉದ್ದವೂ 0. ಅದನ್ನು ಹಾಗೇ ದಾಟಿಸಿದರೆ ಓದುವವನು ಫೈಲ್ ಮುಗಿಯಿತೆಂದು ಎದ್ದು ಹೋಗುತ್ತಾನೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಅರ್ಧ ಡೇಟಾ ಮಾತ್ರ ಕೈಯಲ್ಲಿ. ಕಂಪ್ರೆಶನ್ ಬಿಡಿಸುವ ಜನರೇಟರ್‌ಗಳು ಖಾಲಿ ತುಣುಕು ಕೊಡುವುದು ತೀರಾ ಸಾಮಾನ್ಯ. ಹಾಗಾಗಿ ಬೈಟ್ ಇರುವ ತುಣುಕು ಸಿಗುವವರೆಗೆ ಲೂಪಿನಲ್ಲೇ ಇರಬೇಕು.

ಮಿಗತೆಯನ್ನು ಇಟ್ಟುಕೊಳ್ಳುವ ರೀತಿಯೂ ಮುಖ್ಯ. ಬೈಟ್ಸ್ ಅನ್ನು ಸ್ಲೈಸ್ ಮಾಡಿದಾಗಲೆಲ್ಲ, ಅಂದರೆ ಅದರ ಒಂದು ಭಾಗ ಕತ್ತರಿಸಿಕೊಂಡಾಗಲೆಲ್ಲ, ಹೊಸ ನಕಲು ಹುಟ್ಟುತ್ತದೆ. 10 ಎಂಬಿಯ ಒಂದು ತುಣುಕನ್ನು 8192 ಬೈಟಿನ ಬಫರಿನಲ್ಲಿ ಸಾಲು ಸಾಲಾಗಿ ಓದಿದರೆ 1280 ಸಲ ಸ್ಲೈಸ್ ಆಗುತ್ತದೆ. ಪ್ರತಿ ಸಲ ಸರಾಸರಿ 5 ಎಂಬಿ ಮಿಗತೆ ಎಂದರೂ ನಕಲಾಗುವುದು ಒಟ್ಟು 6 ಜಿಬಿಗೂ ಹೆಚ್ಚು! ತುಣುಕನ್ನು ಮೆಮೊರಿವ್ಯೂ (ನಕಲು ಮಾಡದೆ ಅದೇ ಬೈಟ್‌ಗಳನ್ನು ತೋರಿಸುವ ಕಿಟಕಿ) ಮಾಡಿಕೊಂಡು ಸ್ಲೈಸ್ ಮಾಡಿ, ಇಲ್ಲವೇ ಎಲ್ಲಿಯವರೆಗೆ ಓದಿದೆ ಎಂಬ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳಿ.

ಇನ್ನೊಂದು ಮೋಸ ಎರರ್ ಬಂದಾಗಿನದು. ಜನರೇಟರ್ ಒಳಗೆ, ಉದಾಹರಣೆಗೆ ನೆಟ್‌ವರ್ಕ್ ಕಡಿದು, ಎಕ್ಸೆಪ್ಷನ್ ಎದ್ದರೆ ಮೊದಲ ಸಲ ಅದು ಓದುವವನಿಗೆ ಸರಿಯಾಗಿಯೇ ತಲುಪುತ್ತದೆ. ಆದರೆ ಆ ಜನರೇಟರ್ ಅಲ್ಲಿಗೆ ಮುಗಿದಂತೆ. ಸ್ಟ್ರೀಮನ್ನು ಓದುತ್ತಿರುವ ಕೋಡ್ ಇನ್ನೊಮ್ಮೆ ಪ್ರಯತ್ನಿಸೋಣವೆಂದು ಮತ್ತೆ ರೀಡ್ ಕರೆದರೆ ಈ ಸಲ ಬರುವುದು ಸ್ಟಾಪ್‌ಇಟರೇಷನ್, ಅಂದರೆ 'ಫೈಲ್ ಸುಸೂತ್ರವಾಗಿ ಮುಗಿಯಿತು'. ಎದ್ದ ಎಕ್ಸೆಪ್ಷನ್ನನ್ನು ಕ್ಲಾಸಿನಲ್ಲಿ ನೆನಪಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಎಬ್ಬಿಸಿ. ಕ್ಲೋಸ್ ಮೆಥಡ್‌ನಲ್ಲಿ ಜನರೇಟರ್‌ನ ಕ್ಲೋಸ್ ಕೂಡ ಕರೆಯಿರಿ. ಅರ್ಧಕ್ಕೆ ಓದು ನಿಲ್ಲಿಸಿದಾಗ ಅದರೊಳಗಿನ ಫೈನಲಿ ಭಾಗ (ಏನೇ ಆದರೂ ಕೊನೆಗೆ ಓಡುವ ಕೋಡ್) ಓಡಿ ಕನೆಕ್ಷನ್ ಮುಚ್ಚುವುದು ಹಾಗೆಯೇ.

ಟೆಕ್ಸ್ಟ್ ಬೇಕಿದ್ದರೆ ತುಣುಕು ತುಣುಕಾಗಿ ಡಿಕೋಡ್ ಮಾಡುವ (ಬೈಟ್‌ಗಳನ್ನು ಅಕ್ಷರಗಳಾಗಿಸುವ) ಆಸೆ ಬೇಡ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯೂನಿಕೋಡ್ ಸಂಖ್ಯೆ ಇರುವ ಒಂದು ಚಿಹ್ನೆ) 3 ಬೈಟ್; ಕ, ಹಲಂತ ಚಿಹ್ನೆ, ಷ ಸೇರಿದ 'ಕ್ಷ' ಒಂದಕ್ಕೇ 9. 65536ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ, ಆದ್ದರಿಂದ ಅಚ್ಚ ಕನ್ನಡ ಅಕ್ಷರಗಳೇ ತುಂಬಿದ ಫೈಲಿನ ಮೊದಲ ತುಣುಕೇ ಒಂದು ಅಕ್ಷರವನ್ನು ಸೀಳುತ್ತದೆ, ಡಿಕೋಡ್ ಕೂಡಲೇ ಎರರ್ ಕೊಡುತ್ತದೆ. ಇಂಗ್ಲಿಷ್ ಟೆಕ್ಸ್ಟಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ಎರರ್ ಕಾಟ ತಪ್ಪಲೆಂದು, ಕೆಟ್ಟ ಬೈಟ್ ಬಿಟ್ಟು ಮುಂದೆ ಹೋಗು ಎನ್ನುವ 'ಇಗ್ನೋರ್' ಹಾಕುವವರಿದ್ದಾರೆ. ಅವರ ಫೈಲಿನಲ್ಲಿ ಅಕ್ಷರಗಳು ಸದ್ದಿಲ್ಲದೆ ಕಾಣೆಯಾಗುತ್ತವೆ. ಬಫರ್ಡ್‌ರೀಡರ್ ಮೇಲೆ ಟೆಕ್ಸ್ಟ್‌ಐಓರ‍್ಯಾಪರ್ ಹೊದಿಸಿ ಎನ್‌ಕೋಡಿಂಗ್ ಹೇಳಿದರೆ ಸೀಳಿದ ಬೈಟ್‌ಗಳನ್ನು ಅದು ಹಿಡಿದಿಟ್ಟುಕೊಂಡು ಮುಂದಿನ ತುಣುಕಿಗೆ ಸೇರಿಸುತ್ತದೆ. ಇಟರೇಟರ್ ಆಗಿಯೇ ಉಳಿಯಬೇಕೆಂದಿದ್ದರೆ ಕೋಡೆಕ್ಸ್ ಮಾಡ್ಯೂಲಿನ ಇಟರ್‌ಡಿಕೋಡ್ ಇದೆ.

ಪರಿವರ್ತನೆ ಬೇಕೇ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕ) ರೀಡರ್‌ಗೆ ಫೈಲೇ ಬೇಕಿಲ್ಲ, ಸ್ಟ್ರಿಂಗ್ ಕೊಡುವ ಯಾವ ಇಟರೇಟರ್ ಆದರೂ ಆದೀತು. ಆದರೆ ಅದು ಪ್ರತಿ ಸ್ಟ್ರಿಂಗನ್ನೂ ಒಂದು ಸಾಲೆಂದು ತಿಳಿಯುವುದರಿಂದ ಕಂಡಲ್ಲಿ ಕತ್ತರಿಸಿದ ತುಣುಕು ಕೊಟ್ಟರೆ ದಾಖಲೆ ಎರಡಾಗುತ್ತದೆ. ಜೇಸನ್ ಮಾಡ್ಯೂಲಿನ ಲೋಡ್ ಎಂಬ ಫಂಕ್ಷನ್ ಫೈಲ್ ಕೇಳಿದರೂ ಒಳಗೆ ಒಂದೇ ಉಸಿರಿಗೆ ಎಲ್ಲವನ್ನೂ ಓದುತ್ತದೆ, ಅಲ್ಲಿ ಅಡಾಪ್ಟರ್‌ನಿಂದ ಮೆಮೊರಿ ಉಳಿಯುವುದಿಲ್ಲ. ಹಲವು ಫೈಲುಗಳ ಕಟ್ಟಾದ ಟಾರ್ ಫೈಲಾದರೆ ಮೋಡ್‌ನಲ್ಲಿ ಕೋಲನ್ ಬದಲು ನಿಲುಗೆರೆ ಹಾಕಿ ('r:' ಅಲ್ಲ, 'r|') ತೆರೆದರೆ ಹಿಂದೆ ಮುಂದೆ ಜಿಗಿಯದೆ ನೇರವಾಗಿ ಓದುತ್ತದೆ. ಜಿಪ್‌ನಲ್ಲಿ ಒಳಗಿನ ಪಟ್ಟಿ ಫೈಲಿನ ತುದಿಯಲ್ಲಿರುತ್ತದೆ, ಸೀಕ್ (ಬೇಕಾದ ಜಾಗಕ್ಕೆ ಜಿಗಿಯುವುದು) ಇಲ್ಲದೆ ಜಿಪ್‌ಫೈಲ್ ಅದನ್ನು ಓದಲಾರದು. ಅದಕ್ಕೆ ತಾತ್ಕಾಲಿಕ ಫೈಲೇ ಗತಿ. ಹೇಳಿದ ಮಿತಿಯವರೆಗೆ ಮೆಮೊರಿಯಲ್ಲಿದ್ದು ಆಮೇಲೆ ಡಿಸ್ಕಿಗೆ ಇಳಿಯುವ ಸ್ಪೂಲ್ಡ್‌ಟೆಂಪರರಿಫೈಲ್ ಒಳ್ಳೆಯ ಆಯ್ಕೆ, ಆದರೆ ಪೈಥಾನ್ 3.11ಕ್ಕಿಂತ ಹಿಂದೆ ಅದರಲ್ಲಿ ಸೀಕ್ ಸಾಧ್ಯವೇ ಎಂದು ಹೇಳುವ ಸೀಕಬಲ್ ಮೆಥಡ್ ಇರದೆ ಜಿಪ್‌ಫೈಲ್ ಎಡವುತ್ತದೆ.

ಫೈಲಿಗೆ ಬರೆಯುವ ಲೈಬ್ರರಿಯಿಂದ ಇಟರೇಟರ್ ಬೇಕಾದಾಗ ಕೆಲವರು ಪೈಪ್ (ಒಂದು ತುದಿಯಲ್ಲಿ ಬರೆದದ್ದು ಇನ್ನೊಂದರಲ್ಲಿ ಸಿಗುವ ಕೊಳವೆ) ತೆರೆದು ಒಂದೇ ಥ್ರೆಡ್‌ನಲ್ಲಿ (ಪ್ರೋಗ್ರಾಮಿನೊಳಗಿನ ಒಂದು ಕೆಲಸದ ಸರಣಿ) ಒಂದು ಕಡೆ ಬರೆದು ಇನ್ನೊಂದು ಕಡೆ ಓದುತ್ತಾರೆ. ಲಿನಕ್ಸ್‌ನಲ್ಲಿ ಪೈಪಿನ ಸಾಮಾನ್ಯ ಹಿಡಿತ 65536 ಬೈಟ್. ಅದು ತುಂಬಿದೊಡನೆ ಬರೆಯುವುದು ನಿಲ್ಲುತ್ತದೆ, ಓದಬೇಕಾದವನೂ ಅದೇ ಥ್ರೆಡ್ ಆದ್ದರಿಂದ ಪ್ರೋಗ್ರಾಂ ಅಲ್ಲಾಡುವುದಿಲ್ಲ. ಪೈಪ್ ಬೇಕೆಂದರೆ ಬರೆಯುವವನಿಗೆ ಬೇರೆ ಥ್ರೆಡ್ ಕೊಡಲೇಬೇಕು. ಸಿಎಸ್‌ವಿಗೆ ಅಷ್ಟೂ ಬೇಡ. ರೈಟ್ ಮೆಥಡ್ ತನಗೆ ಬಂದ ಸ್ಟ್ರಿಂಗನ್ನೇ ಹಿಂದಿರುಗಿಸುವ ಪುಟ್ಟ ಕ್ಲಾಸ್ ಮಾಡಿ ಸಿಎಸ್‌ವಿ ರೈಟರ್‌ಗೆ ಕೊಡಿ. ರೈಟ್‌ರೋ ಆ ಸ್ಟ್ರಿಂಗನ್ನು ನಿಮಗೇ ತಲುಪಿಸುತ್ತದೆ, ಅದನ್ನು ಜನರೇಟರ್‌ನಿಂದ ಯೀಲ್ಡ್ ಮಾಡಿದರಾಯಿತು, ಅಂದರೆ ಹೊರಗೆ ಕೊಟ್ಟರಾಯಿತು.

ಅಡಾಪ್ಟರ್ ಬರೆದಾದ ಮೇಲೆ ಒಂದೇ ಡೇಟಾವನ್ನು ಒಂದೊಂದೇ ಬೈಟಿನ ತುಣುಕಾಗಿ, ನಡುನಡುವೆ ಖಾಲಿ ತುಣುಕು ಸೇರಿಸಿ, ಇಡಿಯಾಗಿ ಒಂದೇ ತುಣುಕಾಗಿ ಹೀಗೆ ಮೂರು ಬಗೆಯಲ್ಲಿ ಹಾಯಿಸಿ ನೋಡಿ. ಮೂರರಲ್ಲೂ ಹೊರಬಂದದ್ದರ ಎಸ್‌ಎಚ್‌ಎ-256 (ಡೇಟಾದ ಬೆರಳಚ್ಚಿನಂಥ ಸಂಖ್ಯೆ) ಮೂಲದ್ದಕ್ಕೆ ಹೊಂದಬೇಕು. ನಾಲ್ಕನೆಯ ಸಲ ಅರ್ಧದಲ್ಲಿ ಎಕ್ಸೆಪ್ಷನ್ ಎಬ್ಬಿಸುವ ಜನರೇಟರ್ ಕೊಟ್ಟು ಎರಡು ಸಲ ರೀಡ್ ಕರೆಯಿರಿ: ಎರಡನೆಯ ಸಲ ಖಾಲಿ ಬೈಟ್ಸ್ ಬಂದರೆ ಅಡಾಪ್ಟರ್ ಇನ್ನೂ ಬಳಕೆಗೆ ಸಿದ್ಧವಾಗಿಲ್ಲ.

– ಒಬ್ಬ ಓದುಗ