ಮೊದಲು ಮರಳಿನ ಚೀಲ ಹಾರಲಿ

ಟೊರಾಂಟೊ
ಭಾನುವಾರ ರಾತ್ರಿ

ಚಿ. ಸುಬ್ಬುವಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನು ಕಟ್ಟಹೊರಟ ಹಾರುವ ಯಂತ್ರದ ಚಿತ್ರ ಸಿಕ್ಕಿತು. ಲೆಕ್ಕದ ಪುಸ್ತಕದ ಹಾಳೆಯಲ್ಲಿ ನಾಲ್ಕು ಫ್ಯಾನು, ನಡುವೆ ಒಂದು ಕುರ್ಚಿ, ಕುರ್ಚಿಯ ಕೆಳಗೆ ಬ್ಯಾಟರಿ, ಪಕ್ಕದಲ್ಲಿ ಕತ್ತಿ ಸಿಕ್ಕಿಸಲು ಒಂದು ಕೊಕ್ಕೆ. ನೋಡಿದ ಕೂಡಲೇ ನಗು ಬಂತು. ಆಮೇಲೆ ನೀನು ಮೋಟಾರಿಗೆ ಅಡ್ವಾನ್ಸ್ ಕೊಟ್ಟಿದ್ದೀಯ ಅಂತ ಅಮ್ಮ ಹೇಳಿದಳು. ನಗು ನಿಂತುಹೋಯಿತು. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನಗೆ ಈ ಹುಚ್ಚು ಯಾಕೆ ಹತ್ತಿತು ಅಂತ ನನಗೆ ಗೊತ್ತು. ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ನಮ್ಮ ಕೊನೆಗಾರ ಮರದಿಂದ ಬಿದ್ದ ವರ್ಷ ಆಸ್ಪತ್ರೆಗೆ ಓಡಾಡಿದವನು ನೀನೇ. ಈಗಂತೂ ಮರ ಹತ್ತುವವರೇ ಸಿಗುವುದಿಲ್ಲ. ಕುರ್ಚಿಯಲ್ಲಿ ಕೂತು ಮೇಲೆ ಹೋಗಿ, ಕೊನೆಯ ಎದುರಿಗೆ ಗಾಳಿಯಲ್ಲಿ ನಿಂತು ಕೊಯ್ದು ಇಳಿದುಬಂದರೆ ಎಷ್ಟು ಚೆಂದ ಅಲ್ವಾ? ಚೆಂದವೇ. ಆದರೆ ಗಾಳಿಯಲ್ಲಿ ನಿಲ್ಲುವುದು ಇದೆಯಲ್ಲ, ಹಾರುವುದಕ್ಕಿಂತ ದುಬಾರಿ ಕೆಲಸ ಅದು.

ಗರುಡ ರೆಕ್ಕೆ ಬಡಿಯದೆ ಎಷ್ಟು ಹೊತ್ತು ಬೇಕಾದರೂ ಸುತ್ತುತ್ತದೆ. ದಾಸವಾಳದ ಮುಂದೆ ಪಟಪಟ ಅಂತ ನಿಲ್ಲುವ ಸೂರಕ್ಕಿ ಕ್ಷಣದಲ್ಲೇ ಟೊಂಗೆ ಹುಡುಕುತ್ತದೆ. ನಿಂತಲ್ಲೇ ನಿಲ್ಲಬೇಕಾದರೆ ಗಾಳಿಯನ್ನು ಸತತವಾಗಿ ಕೆಳಕ್ಕೆ ತಳ್ಳುತ್ತಲೇ ಇರಬೇಕು. ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಶಕ್ತಿ ಕಡಿಮೆ ಸಾಕು. ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳಹೊರಟರೆ ಶಕ್ತಿ ಸಿಕ್ಕಾಪಟ್ಟೆ ಬೇಕು. ಅಂದರೆ ಫ್ಯಾನು ದೊಡ್ಡದಿದ್ದಷ್ಟೂ ಒಳ್ಳೆಯದು.

ಇದಕ್ಕೆ ಸಾಕ್ಷಿ ನನ್ನ ಮನೆಯ ಹತ್ತಿರವೇ ಇದೆ. ಟೊರಾಂಟೊ ಪಕ್ಕದ ವಾನ್ ಎಂಬ ಊರಿನ ಒಳಾಂಗಣ ಫುಟ್ಬಾಲ್ ಮೈದಾನದಲ್ಲಿ 2013ರ ಜೂನ್ 13ರಂದು ಒಬ್ಬ ಮನುಷ್ಯ ಬರೀ ಪೆಡಲ್ ತುಳಿದು ಹೆಲಿಕಾಪ್ಟರ್ ಎತ್ತಿದ. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. 64 ಸೆಕೆಂಡು ಗಾಳಿಯಲ್ಲಿದ್ದ, 3.3 ಮೀಟರ್ ಎತ್ತರ ಮುಟ್ಟಿದ. ಏರೋವೆಲೋ ಎಂಬ ತಂಡದ ಅಟ್ಲಾಸ್ ಅದು. 1980ರಿಂದ ಯಾರಿಗೂ ದಕ್ಕದೆ ಬಿದ್ದಿದ್ದ ಸಿಕೋರ್ಸ್ಕಿ ಬಹುಮಾನ, 2.5 ಲಕ್ಷ ಡಾಲರ್, ಅವರಿಗೆ ಬಂತು. ತುಳಿದವನು ಕೊಟ್ಟ ಶಕ್ತಿ ಹೆಚ್ಚೆಂದರೆ ಒಂದೂವರೆ ಎಚ್‌ಪಿ. ನಮ್ಮ ಬಾವಿಯ ಪಂಪಿಗಿಂತ ಕಡಿಮೆ!

ಖುಷಿಪಡಬೇಡ, ತಾಳು. ಅದರ ನಾಲ್ಕು ಫ್ಯಾನುಗಳಲ್ಲಿ ಒಂದೊಂದೂ 20 ಮೀಟರ್ ಅಗಲ. ಇಡೀ ಯಂತ್ರದ ತೂಕ ಮಾತ್ರ 55 ಕೆಜಿ. ನಮ್ಮ ಅಂಗಳದಲ್ಲಿ ಒಂದು ಫ್ಯಾನೂ ಹಿಡಿಸುವುದಿಲ್ಲ. ಹೊರಗೆ ತಂದರೆ ಸಣ್ಣ ಗಾಳಿಗೇ ಮುರಿದುಬೀಳುವಂಥ ಸಾಧನ.

ಈಗ ನಿನ್ನ ಚಿತ್ರಕ್ಕೆ ಬರೋಣ. ಫ್ಯಾನಿನ ಅಗಲ ನಾಲ್ಕು ಅಡಿ ಅಂತ ಬರೆದಿದ್ದೀಯ. ಒಟ್ಟು ತೂಕ 200 ಕೆಜಿ ಅಂತ ಹಿಡಿದೆ: ನೀನು, ಬಟ್ಟೆ, ಕತ್ತಿ ಸೇರಿ 70, ಬ್ಯಾಟರಿ 45, ಉಳಿದದ್ದು ಫ್ರೇಮು, ಮೋಟಾರು. ನಷ್ಟವೇ ಇಲ್ಲದ ಫ್ಯಾನಾದರೂ ಸುಮ್ನೆ ನಿಲ್ಲಲು 26 ಕಿಲೋವ್ಯಾಟ್ ಬೇಕು. ಫ್ಯಾನು, ಮೋಟಾರು, ವೈರು ಎಲ್ಲವೂ ತಮ್ಮ ಪಾಲು ತಿಂದಮೇಲೆ ಲೆಕ್ಕ ಸುಮಾರು 44ಕ್ಕೆ ನಿಲ್ಲುತ್ತದೆ. ಅಂದರೆ 5 ಎಚ್‌ಪಿಯ ಹನ್ನೆರಡು ಪಂಪುಗಳು ಒಟ್ಟಿಗೆ ಓಡಿದ ಹಾಗೆ. ಇದು ಬರೀ ನಿಲ್ಲುವುದಕ್ಕೆ. ಮೇಲೇರಲು, ಗಾಳಿ ಬೀಸಿದರೆ ಸಂಭಾಳಿಸಲು ಇನ್ನಷ್ಟು ಬೇಕು.

45 ಕೆಜಿ ಬ್ಯಾಟರಿಯಲ್ಲಿ ಏಳು ಯೂನಿಟ್ ಚಿಲ್ಲರೆ ಕರೆಂಟು ಹಿಡಿಯುತ್ತದೆ. ಪೂರ್ತಿ ಬರಿದು ಮಾಡಿದರೆ ಹತ್ತು ನಿಮಿಷ. ಹಾಗೆ ಮಾಡುವ ಹಾಗಿಲ್ಲ, ಆದ್ದರಿಂದ ಎಂಟು ನಿಮಿಷ. ಎಂಟು ನಿಮಿಷದಲ್ಲಿ ಎಷ್ಟು ಕೊನೆ ಇಳಿಸುತ್ತೀಯ ಮಾರಾಯ? ಇನ್ನೊಂದು ಬ್ಯಾಟರಿ ಇಟ್ಟರಾಯಿತು ಅಂತ ನೀನು ಹೇಳೇ ಹೇಳುತ್ತೀಯ. ಆ ಬ್ಯಾಟರಿಯನ್ನೂ ಹೊರುವುದು ಅದೇ ಫ್ಯಾನು ತಾನೇ? ಬ್ಯಾಟರಿ ದುಪ್ಪಟ್ಟು ಮಾಡಿದರೂ ಹಾರಾಟ ಹೆಚ್ಚುವುದು ಒಂದೂವರೆ ಪಟ್ಟಷ್ಟೇ. ಸ್ವೀಡನ್‌ನಲ್ಲಿ ಶುರುವಾದ ಜೆಟ್ಸನ್ ಕಂಪನಿ ಒಬ್ಬರೇ ಕೂರುವ ಎಂಟು ಮೋಟಾರಿನ ಯಂತ್ರ ಮಾಡಿ ಮಾರುತ್ತಿದೆ. ಅವರೇ ಹೇಳಿಕೊಳ್ಳುವುದು 20 ನಿಮಿಷ.

ಅಪ್ಪಯ್ಯ ಬಂದಾಗ ನಯಾಗರಕ್ಕೆ ಹೋಗಿದ್ದೆವಲ್ಲ, ಗಡಿಯ ಆಚೆ ಅಮೆರಿಕದ ಕಡೆ ಅದೇ ಹೆಸರಿನ ಊರಿದೆ. ಅಲ್ಲಿ 1961ರಲ್ಲಿ ಬೆಲ್ ಕಂಪನಿಯವರು ಬೆನ್ನಿಗೆ ರಾಕೆಟ್ ಕಟ್ಟಿ ಮನುಷ್ಯನನ್ನು ಹಾರಿಸಿದರು. ಅದರಲ್ಲಿ ತುಂಬಿದ ಇಂಧನ ಬರುತ್ತಿದ್ದುದು 21 ಸೆಕೆಂಡು. ದೊಡ್ಡ ಕಂಪನಿ, ಸೈನ್ಯದ ದುಡ್ಡು, ಆದರೂ ಅಷ್ಟೇ.

ಇನ್ನು ನಮ್ಮ ತೋಟದ ವಿಷಯ. ಮರದಿಂದ ಮರಕ್ಕೆ ಒಂಬತ್ತು ಅಡಿ. ನಾಲ್ಕು ಅಡಿಯ ಎರಡು ಫ್ಯಾನು ಅಕ್ಕಪಕ್ಕ ಬಂದರೆ ಅಲ್ಲಿಗೇ ಎಂಟು ಅಡಿ ಮುಗಿಯಿತು. ನಡುವೆ ಜಾಗ ಬಿಟ್ಟು, ಕುರ್ಚಿ ಇಟ್ಟರೆ ಅದು ಎಲ್ಲಿ ತೂರುತ್ತದೆ? ಫ್ಯಾನನ್ನು ಎರಡು ಅಡಿಗೆ ಇಳಿಸಿದರೆ ತೂರಬಹುದು. ಆಗ ಹನ್ನೆರಡು ಪಂಪು ಇದ್ದದ್ದು ಇಪ್ಪತ್ತನಾಲ್ಕಾಗುತ್ತದೆ. ನಿನ್ನ ನಾಲ್ಕು ಅಡಿಯ ಫ್ಯಾನೇ ಕೆಳಕ್ಕೆ ನೂಕುವ ಗಾಳಿ ಗಂಟೆಗೆ 95 ಕಿ.ಮೀ. ಮುಟ್ಟುತ್ತದೆ. ಮಳೆಗಾಲದ ಗಾಳಿಗೆ ಎಷ್ಟು ಮರ ಮುರಿದಿವೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಕೊನೆ ಕೊಯ್ಯುವ ಮೊದಲೇ ಪಕ್ಕದ ಮರದ ಸೋಗೆ, ಹಾಳೆ ಎಲ್ಲ ಹಾರಿ ಬಂದು ಫ್ಯಾನಿಗೇ ಬಡಿಯುತ್ತವೆ.

ಬಡಿದರೆ ಏನಾಗುತ್ತದೆ? ನಾಲ್ಕು ಫ್ಯಾನಿನ ಯಂತ್ರದಲ್ಲಿ ಒಂದು ನಿಂತರೆ ಆ ಮೂಲೆ ಕುಸಿದು ಯಂತ್ರ ಮಗುಚುತ್ತದೆ. ಎಂಟು ಮೋಟಾರು ಹಾಕುವುದು ಅದಕ್ಕೇ. ದೊಡ್ಡ ಹೆಲಿಕಾಪ್ಟರಿನ ಎಂಜಿನ್ ನಿಂತರೂ, ಸಾಕಷ್ಟು ಎತ್ತರ ಇದ್ದರೆ ರೆಕ್ಕೆ ತಾನೇ ತಿರುಗುತ್ತಾ ಇಳಿಸಿಬಿಡುತ್ತದೆ. ನಿನ್ನ ಪುಟ್ಟ ಫ್ಯಾನಿಗೆ ಆ ಗುಣ ಇಲ್ಲ. ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಎತ್ತರ ಬೇಕು. 60 ಅಡಿಯಿಂದ ಬಿದ್ದರೆ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ, ಆಗಿನ ವೇಗ ಗಂಟೆಗೆ 68 ಕಿ.ಮೀ. ಅಡಿಕೆ ಮರದ ಎತ್ತರ ಇದೆಯಲ್ಲ, ಅದು ಸಾಯಲು ಸಾಕಾಗುವಷ್ಟು ಜಾಸ್ತಿ, ಉಳಿಸುವ ಸಾಧನ ಕೆಲಸ ಮಾಡಲು ತೀರಾ ಕಡಿಮೆ.

ಕರೆಂಟಿನದ್ದೂ ಒಂದು ಮಾತು. ನೀನು ಗೇಟು ವೆಲ್ಡ್ ಮಾಡುವಾಗ ನೂರೈವತ್ತು ಆಂಪಿಯರ್ ಇಡುತ್ತೀಯ. ನಿನ್ನ ಬ್ಯಾಟರಿ 100 ವೋಲ್ಟಿನದ್ದಾದರೆ 440 ಆಂಪಿಯರ್ ಎಳೆಯಬೇಕು, ಅದೂ ನೀನು ಕೂತ ಕುರ್ಚಿಯ ಕೆಳಗೆ. ಒಂದು ಜಾಯಿಂಟ್ ಸಡಿಲ ಇದ್ದರೂ ಸಾಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹಿಡಿದರೆ ನೀರಿಗೂ ಬೇಗ ಬಗ್ಗುವುದಿಲ್ಲ.

2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹುಡುಗನೊಬ್ಬ ಮನೆಯಲ್ಲೇ ಕಟ್ಟಿದ ಹೆಲಿಕಾಪ್ಟರ್ ಪರೀಕ್ಷೆ ಮಾಡುವಾಗ ರೆಕ್ಕೆ ಮುರಿದು ಬಡಿದು ತೀರಿಕೊಂಡ. ಅವನೂ ನಿನ್ನ ಹಾಗೆ ಕಬ್ಬಿಣದ ಕೆಲಸ ಬಲ್ಲವನು, ವಯಸ್ಸೂ ನಿನ್ನ ಆಸುಪಾಸು. ಆ ಸುದ್ದಿ ಓದಿದ ದಿನ ನನಗೆ ನಿನ್ನದೇ ನೆನಪಾಗಿತ್ತು. ಆಗ ಹೇಳಲಿಲ್ಲ. ನಾಲ್ಕು ಅಡಿಯ ಫ್ಯಾನು ನಿಮಿಷಕ್ಕೆ 2,500 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 560 ಕಿ.ಮೀ. ದಾಟುತ್ತದೆ. ನೆಲದ ಮೇಲೆ ನಿಂತಿರುವಾಗಲೂ ಅಷ್ಟೇ ವೇಗ.

ಬೇಡವೇ ಬೇಡ ಅಂತ ಹೇಳಲು ನನಗೆ ಮನಸ್ಸಿಲ್ಲ. ಬಂಟ್ವಾಳದ ಕಡೆಯ ಕೃಷಿಕರೊಬ್ಬರು ಅಡಿಕೆ ಮರ ಹತ್ತುವ ಬೈಕ್ ಮಾಡಿದಾಗ ನಾನೇ ಹತ್ತು ಜನಕ್ಕೆ ತೋರಿಸಿದ್ದೆ. ಅದರ ಜಾಣತನ ನೋಡು. ಮರವೇ ಭಾರ ಹೊರುತ್ತದೆ, ಯಂತ್ರ ಹತ್ತಿದರೆ ಸಾಕು. ಕಾರ್ಬನ್ ಫೈಬರ್ ದೋಟಿಯೂ, ಆ ಕೊಯ್ಯುವ ಉದ್ದನೆಯ ಕೋಲೂ, ಹಾಗೇ. ಮನುಷ್ಯ ನೆಲದ ಮೇಲೆ, ಕತ್ತಿ ಮಾತ್ರ ಮೇಲೆ. ನಿನಗೆ ಹಾರಿಸಲೇಬೇಕಿದ್ದರೆ ಕುರ್ಚಿ ತೆಗೆದುಹಾಕು. ನೀನು ಇಳಿದ ಕೂಡಲೇ 70 ಕೆಜಿ ಹೋಯಿತು, ಅದನ್ನು ಹೊರಲು ಇಟ್ಟಿದ್ದ ಬ್ಯಾಟರಿ, ಫ್ರೇಮೂ ಕಮ್ಮಿ ಸಾಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಡ್ರೋನ್ ಮಾಡು, ನಾನೂ ದುಡ್ಡು ಹಾಕುತ್ತೇನೆ. ಆಳು ಕೂರುವಂಥದ್ದಕ್ಕೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಒಪ್ಪಿಗೆಗೆ ಅಲೆಯುವ ಗೋಳೂ ಇಲ್ಲ.

ಅಡ್ವಾನ್ಸ್ ವಾಪಸ್ ಕೊಡುತ್ತಾರಾ ಕೇಳು. ಕೊಡದಿದ್ದರೆ ಒಂದೇ ಮೋಟಾರು ತರಿಸು. ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಅಡಿಕೆ ತೂಗುವ ತಕ್ಕಡಿಯ ಮೇಲಿಟ್ಟು ಓಡಿಸು. ಎಷ್ಟು ಕೆಜಿ ಎತ್ತಿತು, ಎಷ್ಟು ಆಂಪಿಯರ್ ಎಳೆಯಿತು, ಎಷ್ಟು ಹೊತ್ತಿಗೆ ಬಿಸಿಯಾಯಿತು, ಬರೆದಿಟ್ಟು ಕಳಿಸು. ಸ್ವಿಚ್ಚು ಗೋಡೆಯ ಆಚೆ ಇರಲಿ. ಪುಟ್ಟನನ್ನು ಕೊಟ್ಟಿಗೆಯ ಹತ್ತಿರ ಬಿಡಬೇಡ. ಎಲ್ಲ ಸರಿಯಾಗಿ ಮುಂದೆ ಏನಾದರೂ ಎದ್ದರೂ, ಮೊದಲು ಹಾರುವುದು ಮರಳಿನ ಚೀಲ, ನೀನಲ್ಲ.

ಅಪ್ಪಯ್ಯನಿಗೆ ಈ ಪತ್ರ ಪೂರ್ತಿ ಓದಿ ಹೇಳಬೇಡ. 60 ಅಡಿಯ ಲೆಕ್ಕ ಇರುವ ಪ್ಯಾರಾ ಬಿಟ್ಟುಬಿಡು. ಅಮ್ಮನಿಗೆ ಮೊಣಕಾಲು ಹೇಗಿದೆ ಬರೆ.

ಇಂತಿ ನಿನ್ನ
ಅಕ್ಕ